ಜೈಸಲ್ಮೇರ್‌ಗೆ ಹೊರಟ ಮಂಡ್ಯದವರಿಗೆ

ಚಳಿಗಾಲ ಹತ್ತಿರ ಬಂತು ಅಂದರೆ ನಮ್ಮ ಮಂಡ್ಯದ ವಾಟ್ಸಾಪ್ ಗ್ರೂಪುಗಳಲ್ಲಿ ರಾಜಸ್ಥಾನದ ಪ್ಯಾಕೇಜ್‌ಗಳು ಓಡಾಡಲು ಶುರುವಾಗುತ್ತವೆ. ಜೈಪುರ, ಉದಯಪುರ, ಜೋಧಪುರ, ಕೊನೆಗೆ ಜೈಸಲ್ಮೇರ್‌ನಲ್ಲಿ ಒಂದೇ ಒಂದು ರಾತ್ರಿ. ಆ ರಾತ್ರಿಯೊಳಗೆ ಒಂಟೆ ಸವಾರಿ, ಮರಳು ದಿಬ್ಬದ ಮೇಲೆ ಜೀಪು, ಟೆಂಟ್ ಮುಂದೆ ಡಿಜೆ, ಬಫೆ ಊಟ. ಬೆಳಿಗ್ಗೆ ಎದ್ದು ವಾಪಸ್. ಆ ಕಡೆ ಓಡಾಡಿ ಬಂದ ಮೇಲೆ ಇದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಉಳಿದ ಊರುಗಳಲ್ಲಿ ಒಂದನ್ನು ಬಿಟ್ಟಾದರೂ ಸರಿ, ಜೈಸಲ್ಮೇರ್ ಕಡೆ ಮೂರು ನಾಲ್ಕು ದಿನ ಇರಿ. ನಾಲೆ ನೀರಲ್ಲಿ ಬೆಳೆದ ನಮ್ಮಂಥವರಂತೂ ಇರಲೇಬೇಕು.

ಮರಳು ನೋಡೋಕೆ ಅಷ್ಟು ದೂರ ಯಾಕೆ, ತಲಕಾಡು ಸಾಲದಾ ಅಂತ ಕೇಳುವವರಿದ್ದಾರೆ. ತಲಕಾಡಿನ ಮರಳಿನ ಪಕ್ಕದಲ್ಲೇ ಕಾವೇರಿ ಇದ್ದಾಳೆ. ಜೈಸಲ್ಮೇರ್ ಸುತ್ತ ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲ. ಬೀಳುವ ಮಳೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್. ಅಷ್ಟನ್ನೇ ನಂಬಿ ಊರು ಕಟ್ಟಿದ್ದಾರೆ, ಬೆಳೆ ತೆಗೆದಿದ್ದಾರೆ. ನಾನು ಹೋಗಿ ಅಂತ ಹೇಳುವುದು ಅದನ್ನು ನೋಡುವುದಕ್ಕೆ.

ಊಟದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲಾ ಅಲ್ಲೇ ಇದೆ. ಕ್ಯಾಂಪ್‌ಗಳಲ್ಲಿ ಪನೀರ್ ಬೆಣ್ಣೆ ಮಸಾಲ ಬಡಿಸುತ್ತಾರೆ. ಅದು ನಮ್ಮ ಹೆದ್ದಾರಿ ಹೋಟೆಲ್‌ನಲ್ಲೂ ಸಿಗುತ್ತದೆ, ಅಲ್ವಾ? ಊರೊಳಗೆ ಹೋಗಿ ಕೇರ್ ಸಾಂಗ್ರಿ ಕೇಳಿ. ಕೇರ್ ಅಂದರೆ ಎಲೆಯೇ ಇಲ್ಲದಂತೆ ಕಾಣುವ ಒಂದು ಮುಳ್ಳುಪೊದೆಯ ಸಣ್ಣ ಕಾಯಿ. ಸಾಂಗ್ರಿ ಅಂದರೆ ಖೇಜ್ರಿ ಮರದ ಎಳೆ ಕಾಯಿ, ಒಣಗಿಸಿಟ್ಟದ್ದು. ನೀರಲ್ಲಿ ನೆನೆಸಿ, ಬೇಯಿಸಿ, ಎಣ್ಣೆ, ಒಣಮೆಣಸು, ಹುಳಿ ಹಾಕಿ ಹುರಿಯುತ್ತಾರೆ. ಹಲವು ದಿನ ಕೆಡುವುದಿಲ್ಲ. ಹುಳಿ, ಖಾರ, ಸ್ವಲ್ಪ ಒಗರು. ಜೊತೆಗೆ ಸಜ್ಜೆ ರೊಟ್ಟಿ, ಮೇಲೆ ತುಪ್ಪ. ಖೇಜ್ರಿ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ. ಮೈಸೂರಿನ ಜಂಬೂಸವಾರಿ ಹೋಗಿ ಸೇರುವುದೇ ಬನ್ನಿಮಂಟಪಕ್ಕೆ. ನಾವು ವರ್ಷಕ್ಕೊಮ್ಮೆ ಪೂಜೆ ಮಾಡುವ ಮರ ಅಲ್ಲಿ ದಿನದ ಅನ್ನ. ಕಾಯಿ ಮನುಷ್ಯರಿಗೆ, ಸೊಪ್ಪು ಆಡು ಒಂಟೆಗಳಿಗೆ. ದೊಡ್ಡ ಬರಗಾಲದಲ್ಲಿ ಅದರ ತೊಗಟೆಯನ್ನೂ ಪುಡಿ ಮಾಡಿ ತಿಂದು ಜೀವ ಉಳಿಸಿಕೊಂಡಿದ್ದಾರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ರಾಜನ ಆಳುಗಳು ಈ ಮರ ಕಡಿಯಲು ಬಂದಾಗ, ಅಮೃತಾ ದೇವಿ ಮತ್ತು ಹಸಿರು ಮರ ಕಡಿಯಬಾರದು ಎಂದು ನಂಬುವ ಬಿಷ್ಣೋಯಿ ಪಂಥದ ಜನ ಮರಗಳನ್ನು ತಬ್ಬಿ ನಿಂತರು. 363 ಜನ ಸತ್ತರು. ಇಷ್ಟು ತಿಳಿದ ಮೇಲೆ ಆ ಪಲ್ಯವನ್ನು ತಟ್ಟೆಯಲ್ಲಿ ಬಿಡಲು ಮನಸ್ಸು ಬರುವುದಿಲ್ಲ.

ತರಕಾರಿ ಕಡಿಮೆ, ಹಾಗಾಗಿ ಕಡಲೆ ಹಿಟ್ಟಿನಿಂದ ಗಟ್ಟೆ ಮಾಡಿ ಮಜ್ಜಿಗೆ ಸಾರಿಗೆ ಹಾಕುತ್ತಾರೆ. ಬಿಕಾನೇರ್ ಭುಜಿಯಾ ಮಡಿಕೆ ಕಾಳಿನದು, ಅದೂ ಒಣನೆಲದ ಬೆಳೆಯೇ.

ನೀರಿನ ವಿಷಯಕ್ಕೆ ಬರೋಣ. ನೋಡಲೇಬೇಕಾದದ್ದು ಖಡೀನ್. ಕಲ್ಲು ನೆಲದ ಇಳಿಜಾರಿನ ಕೆಳಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕುತ್ತಾರೆ. ಬಿದ್ದ ಮಳೆಯೆಲ್ಲ ಹರಿದು ಬಂದು ಅಲ್ಲಿ ನಿಂತು ಇಂಗುತ್ತದೆ. ನೀರು ಇಳಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಇದನ್ನು ಬೆಳೆಸಿದವರು ಪಾಲಿವಾಲ್ ಬ್ರಾಹ್ಮಣರು. ಜೈಸಲ್ಮೇರ್‌ಗೆ ಹತ್ತಿರದ ಕುಲಧರಾ ಅವರೇ ಬಿಟ್ಟುಹೋದ ಊರು. ಟೂರಿನವರು ಅಲ್ಲಿ ದೆವ್ವದ ಕಥೆ ಹೇಳಿ ಮುಗಿಸುತ್ತಾರೆ. ದಯವಿಟ್ಟು ಹೊಲದ ಕಥೆ ಕೇಳಿ.

1958ರಲ್ಲಿ ಶುರುವಾದ ದೊಡ್ಡ ನಾಲೆ, ಈಗಿನ ಇಂದಿರಾ ಗಾಂಧಿ ನಾಲೆ, ಪಂಜಾಬಿನ ಹರಿಕೆಯಿಂದ ನೀರು ತಂದಿದೆ. ಒಳ್ಳೆಯದೇ ಆಗಿದೆ. ಆದರೆ ನಾಲೆ ಬಯಲಲ್ಲಿ ಜೌಗು ಹಿಡಿದ, ಚೌಳು ಎದ್ದ ಹೊಲಗಳೂ ಇವೆ. ವಿಶ್ವೇಶ್ವರಯ್ಯ ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೈಸಲ್ಮೇರ್ ಕೋಟೆ 1156ರದ್ದು. ಹಳದಿ ಕಲ್ಲಿನದು, ಸಂಜೆ ಬಿಸಿಲಿಗೆ ಬಹಳ ಚೆಂದ. ಜನ ಇನ್ನೂ ಒಳಗೇ ವಾಸ ಮಾಡುತ್ತಾರೆ. ನೀರು ಹೊತ್ತು ತರುತ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆ ಅದು. ನಲ್ಲಿ ಬಂತು, ಹೋಟೆಲ್‌ಗಳು ಬಂದವು, ಬಳಸಿದ ನೀರು ಸೋರಿ ಬುಡದ ಮಣ್ಣಿಗೆ ಇಳಿಯಿತು. ಬುರುಜುಗಳು ಕುಸಿದಿವೆ. ಅದಕ್ಕೇ ನನ್ನ ಕೋರಿಕೆ: ಕೋಟೆಯೊಳಗೆ ರೂಮ್ ಮಾಡಬೇಡಿ. ಕೆಳಗೆ ಊರಲ್ಲಿ ಇದ್ದು, ಹತ್ತಿ ನೋಡಿ ಬನ್ನಿ.

ಮರಳು ದಿಬ್ಬಕ್ಕೆ ಎಲ್ಲರೂ ಹೋಗುವುದು ಸಮ್‌ಗೆ. ಅಲ್ಲಿ ಗಲಾಟೆ ಜಾಸ್ತಿ. ಖುರಿ ಕಡೆ ಹೋಗಿ. ಜೀಪು ಬಿಟ್ಟು ನಡೆಯಿರಿ. ಗಾಳಿ ಗೀರಿದ ಗೆರೆ, ಜೀರುಂಡೆಯ ಹೆಜ್ಜೆ ಎಲ್ಲಾ ಕಾಣುವುದು ನಡೆದರೆ ಮಾತ್ರ. ರಾತ್ರಿ ವಿಪರೀತ ಚಳಿ, ಸ್ವೆಟರ್ ಇರಲಿ.

ಇನ್ನು ಮಾಂಗಣಿಯಾರರ ಹಾಡು. ಇವರು ಮುಸ್ಲಿಮರು. ತಲೆತಲಾಂತರದಿಂದ ರಜಪೂತ ಮನೆಗಳ ಹುಟ್ಟು, ಮದುವೆಗಳಲ್ಲಿ ಹಾಡುತ್ತಾ ಬಂದವರು, ಕೃಷ್ಣನ ಹಾಡನ್ನೂ ಹಾಡುತ್ತಾರೆ. ಮಾವಿನ ಮರ, ಆಡಿನ ಚರ್ಮದಿಂದ ಮಾಡಿದ ಕಮಾಯ್ಚಾ ಅವರ ವಾದ್ಯ. ಅದನ್ನು ನುಡಿಸುತ್ತಿದ್ದ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅಂಥ ಪರಂಪರೆಯವರನ್ನು ಎಷ್ಟೋ ಕ್ಯಾಂಪ್‌ಗಳಲ್ಲಿ ಊಟದ ಹೊತ್ತಿಗೆ ಕೂರಿಸಿ, ಎರಡು ಹಾಡು ಮುಗಿಯುತ್ತಿದ್ದಂತೆ ಸ್ಪೀಕರ್ ಹಾಕಿಬಿಡುತ್ತಾರೆ. ಸಿಟ್ಟು ಬರುತ್ತದೆ. ಸ್ಪೀಕರ್ ಬೇಡ ಅಂತ ಬುಕ್ ಮಾಡುವಾಗಲೇ ಹೇಳಿ. ಕೇಳುವಷ್ಟು ಹೊತ್ತು ಕೇಳಿ, ದುಡ್ಡು ಹಾಡಿದವರ ಕೈಗೇ ಕೊಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮೈಸೂರಿನಿಂದ ಅಜ್ಮೇರ್‌ಗೆ ನೇರ ರೈಲಿದೆ, ಅಲ್ಲಿಂದ ಜೋಧಪುರದ ಮೇಲೆ ಜೈಸಲ್ಮೇರ್. ದೂರವೇ, ಆದರೆ ನೆಲ ನಿಧಾನಕ್ಕೆ ಒಣಗುತ್ತಾ ಹೋಗುವುದು ಕಿಟಕಿಯಲ್ಲೇ ಕಾಣುತ್ತದೆ. ಹೊರಡುವವರು ಕಾಮೆಂಟ್‌ನಲ್ಲಿ ಹೇಳಿ, ದಿನದ ಲೆಕ್ಕ ಹಾಕಿಕೊಡುತ್ತೇನೆ.