ಕುಮಟಾ ಹತ್ತಿ, ಮ್ಯಾಂಚೆಸ್ಟರಿನ ಕಾಲುವೆ

ಮಗನ ಮನೆಗೆ ಹೋಗಿದ್ದಾಗ ದಿನಾ ಬೆಳಿಗ್ಗೆ ಮ್ಯಾಂಚೆಸ್ಟರಿನ ರಾಚ್‌ಡೇಲ್ ಕಾಲುವೆಯ ದಂಡೆ ಮೇಲೆ ನಡೆಯುತ್ತಿದ್ದೆ. ನೀರಿಗೆ ಅಂಟಿಕೊಂಡೇ ಎದ್ದ ಇಟ್ಟಿಗೆಯ ಹತ್ತಿ ಗಿರಣಿಗಳು. ಮೊದಲ ದಿನವೇ ನಮ್ಮ ಕುಮಟೆಯ ಹಳೇ ಬಂದರ ನೆನಪಾಯಿತು.

ಅದಕ್ಕೆ ಕಾರಣ ಇದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿಯನ್ನೇ ನಂಬಿದ್ದ ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು, ಇಲ್ಲಿಂದ ಹಾಯಿಹಡಗಿನಲ್ಲಿ ಮುಂಬಯಿಗೆ. ಬೆಳೆದದ್ದು ಬಯಲುಸೀಮೆಯಲ್ಲಿ, ಪೇಟೆಯಲ್ಲಿ ಹೆಸರು ಮಾತ್ರ ‘ಕುಮಟಾ ಹತ್ತಿ’. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿ, ಕಾರವಾರ ಬಂದರದ ಆಸೆ ಇತ್ತು. ಆಮೇಲೆ ರೈಲು ಗೋವೆಯ ಮರ್ಮಗೋವಾ ಬಂದರಕ್ಕೆ ಹೋಯಿತು. ನಮ್ಮ ಬಂದರಗಳು ಬರಿದಾದವು.

ರಾಚ್‌ಡೇಲ್ ಕಾಲುವೆಯನ್ನು ಕೊಂದದ್ದೂ ರೈಲು, ಲಾರಿಗಳೇ. 1804ರಲ್ಲಿ ತೆರೆದ 32 ಮೈಲಿ ಉದ್ದದ ಕಾಲುವೆ 1952ರಲ್ಲಿ ಬಹುಪಾಲು ಮುಚ್ಚಿತು. ಹೂಳು, ಕಸ ತುಂಬಿತು. ಫೇಲ್ಸ್‌ವರ್ತ್‌ನಲ್ಲಿ ಅದರ ಮೇಲೇ ಸೂಪರ್‌ಮಾರ್ಕೆಟ್ ಎದ್ದಿತು. ಮ್ಯಾಂಚೆಸ್ಟರಿನಲ್ಲಿ ಒಂದಷ್ಟು ದೂರ ಹೂತು, ಮೊಣಕಾಲುದ್ದ ನೀರು ಬಿಟ್ಟು ಪಾರ್ಕು ಮಾಡಿದರು. ಆದರೂ ಊರಿನ ಸ್ವಯಂಸೇವಕರು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಪಾರ್ಕನ್ನು ಮತ್ತೆ ಅಗೆದರು, ಸೂಪರ್‌ಮಾರ್ಕೆಟ್ ಕೆಡವಿದರು, ಎಂ62 ಹೆದ್ದಾರಿ ಅಡ್ಡ ಬಂದ ಕಡೆ ಹೊಲಕ್ಕೆ ಹೋಗಲು ಬಿಟ್ಟಿದ್ದ ಕೆಳದಾರಿಯಲ್ಲೇ ನೀರು ಹಾಯಿಸಿದರು. 2002ರಲ್ಲಿ ದೋಣಿಗಳು ಮತ್ತೆ ಆ ತುದಿಯಿಂದ ಈ ತುದಿಗೆ ಹೋದವು.

ನನಗೆ ಹಿಡಿಸದ್ದೂ ಇದೆ. ಆ ಗಿರಣಿಗಳು ಈಗ ದುಬಾರಿ ಫ್ಲ್ಯಾಟುಗಳು. ಅಲ್ಲಿ ದುಡಿದವರ ಮೊಮ್ಮಕ್ಕಳು ಅಲ್ಲಿ ಮನೆ ಹಿಡಿಯಲಾರರು. ಅದನ್ನು ನಾವು ತರುವುದು ಬೇಡ. ಆದರೆ ಅವರು ಮೊದಲು ನೀರನ್ನು ಬಿಡಿಸಿದರು ನೋಡಿ, ಅದು ನಮಗೆ ಬೇಕು. ಇಲ್ಲಿ ಹೊಳೆದಂಡೆ, ಬಂದರದ ಅಭಿವೃದ್ಧಿ ಅಂದರೆ ತಡೆಗೋಡೆ, ಇಂಟರ್‌ಲಾಕ್ ಕಲ್ಲು, ಸೆಲ್ಫಿ ಪಾಯಿಂಟ್. ನೀರಿನೊಳಗೆ ಕೈ ಹಾಕುವವರೇ ಇಲ್ಲ. ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು, ಬಲೆ ಬೀಸುವವರನ್ನು ಕೇಳಿ. ಅವರಿಗೆ ಬೇಕಾದದ್ದು ಹರಿಯುವ ನೀರು, ದೋಣಿ ಕಟ್ಟಲು ಜಾಗ.

ಹಳೇ ಬಂದರಕ್ಕೆ ಯೋಜನೆ ಏನಾದರೂ ಬಂದರೆ ಮೊದಲ ಸಭೆ ಆ ದಂಡೆಯ ಮೇಲೇ ಆಗಲಿ, ಇಳಿತದ ಹೊತ್ತಿಗೆ. ಹೂಳು ಎಲ್ಲಿ ಕೂತಿದೆ ಅಂತ ದೋಣಿಯವರೇ ಅಧಿಕಾರಿಗಳಿಗೆ ತೋರಿಸಲಿ.