ತೊಗರಿ ಹಡಗಿನಲ್ಲಿ ಬಂದಾಗ ಮಿಲ್ಲಿನ ಕೂಲಿಗೆ ಯಾರು ಹೊಣೆ?

ನಮ್ಮ ಓಣಿಯ ಹಿರಿಯರೊಬ್ಬರು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದರು. ಎಣ್ಣೆ ಸವರಿದ ತೊಗರಿಯನ್ನು ಅಂಗಳದಲ್ಲಿ ಹರವಿ, ಸುಡುಬಿಸಿಲಿನಲ್ಲಿ ತಿರುವಿ ಹಾಕುವುದು ಅವರ ಕೆಲಸವಾಗಿತ್ತು. ಮಿಲ್ಲು ಬಾಗಿಲು ಹಾಕಿದ ಮೇಲೆ ಪರಿಹಾರ ಕೇಳಲು ಹೋದಾಗ ಅವರ ಬಳಿ ಇದ್ದ ದಾಖಲೆಯೆಂದರೆ ಕೂಲಿಗಾರರ ಮೇಸ್ತ್ರಿಯಾದ ಮುಕಾದಮ ಪೆನ್ಸಿಲಿನಲ್ಲಿ ವಾರದ ಬಟವಾಡೆ ಬರೆದುಕೊಟ್ಟಿದ್ದ ಒಂದು ಸಣ್ಣ ನೋಟ್‌ಬುಕ್ ಮಾತ್ರ. “ಇದರಾಗ ಮಿಲ್ಲಿನ ಹೆಸರು ಎಲ್ಲದ ರೀ ಕಾಕಾ?” ಎಂದ ಗುಮಾಸ್ತರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಏಕೆಂದರೆ ಕಾನೂನು ಕೇಳುವುದೂ ಅದನ್ನೇ.

ಬೇಳೆಯ ಬೆಲೆ ಏರಿದಾಗ ಆಮದಿನ ಬಾಗಿಲು ತೆರೆಯುವುದನ್ನು ನಾನು ವಿರೋಧಿಸುವುದಿಲ್ಲ. ಕೊಂಡು ತಿನ್ನುವವರಲ್ಲಿ ನಾನೂ ಒಬ್ಬ. ತೊಗರಿ ತರಿಸಿಕೊಳ್ಳಲು ಮೊಜಾಂಬಿಕ್ ಜೊತೆ 2016ರಲ್ಲಿ ಒಪ್ಪಂದವಾಯಿತು, 2021ರ ಮೇ ತಿಂಗಳಲ್ಲಿ ತೊಗರಿಯನ್ನು ಆಮದಿನ ನಿರ್ಬಂಧಿತ ಪಟ್ಟಿಯಿಂದ ತೆಗೆದು ಮುಕ್ತ ಪಟ್ಟಿಗೆ ಸೇರಿಸಲಾಯಿತು. ಆಫ್ರಿಕಾದಿಂದಲೂ ಮ್ಯಾನ್ಮಾರ್‌ನಿಂದಲೂ ಬರುವ ಒಡೆಯದ ಕಾಳನ್ನು ಬಂದರಿನ ಸುತ್ತಲಿನ ಮಿಲ್ಲುಗಳು ಒಡೆಯುವಾಗ, 2019ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಪಡೆದ ನಮ್ಮ ತೊಗರಿಯನ್ನೇ ನಂಬಿ ಕುಳಿತ ಒಳನಾಡಿನ ಸಣ್ಣ ಮಿಲ್ಲಿಗೆ ಹೊಡೆತ ಬೀಳುವುದು ಸಹಜ. ಮಿಲ್ಲು ನಿಲ್ಲಲು ಮಳೆ ಕೈಕೊಟ್ಟದ್ದು, ಹಳೆಯ ಯಂತ್ರ, ಮಹಾರಾಷ್ಟ್ರದ ಅಕೋಲಾ–ಲಾತೂರಿನ ಮಿಲ್ಲುಗಳ ಪೈಪೋಟಿ ಕೂಡ ಕಾರಣವಿರಬಹುದು ಎಂಬುದನ್ನು ಒಪ್ಪಿಕೊಂಡೇ ಇದನ್ನು ಹೇಳುತ್ತಿದ್ದೇನೆ.

ಅಮೆರಿಕದಲ್ಲಿ ಆಮದಿನಿಂದ ಕೆಲಸ ಹೋದವರಿಗಾಗಿಯೇ 1962ರಲ್ಲಿ ಒಂದು ನೆರವಿನ ಯೋಜನೆ ಆರಂಭವಾಗಿತ್ತು. ಮುಂದೆ ಅದು ಬೆಳೆದಂತೆ, ಮೂವರು ಕಾರ್ಮಿಕರು ಸೇರಿ ಅರ್ಜಿ ಕೊಟ್ಟರೂ ಕಾರ್ಮಿಕ ಇಲಾಖೆ ತನಿಖೆ ಮಾಡಿ, ಅರ್ಹರೆಂದು ಕಂಡರೆ ತರಬೇತಿ ಕೊಡಿಸಿ, ಭತ್ಯೆ ನೀಡುತ್ತಿತ್ತು. ಅದನ್ನು ಹೊಗಳುವ ಮುನ್ನ ಎರಡು ಸಂಗತಿ ನೆನಪಿರಲಿ: ಮೊದಲ ಏಳು ವರ್ಷ ಒಂದು ಅರ್ಜಿಯೂ ಒಪ್ಪಿಗೆಯಾಗಲಿಲ್ಲ, 2022ರ ಜುಲೈನಿಂದ ಹೊಸ ಅರ್ಜಿಗಳಿಗೆ ಮಂಜೂರಾತಿಯೇ ನಿಂತುಹೋಗಿದೆ.

ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಕೆಲಸದಿಂದ ತೆಗೆದರೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂಬ ನಿಯಮ ಹಳೆಯದು. ಮುಚ್ಚಿದ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ 1986ರ ಯೋಜನೆಯಲ್ಲಿ ಮೊದಲ ವರ್ಷ ಕೂಲಿಯ ಶೇ 75, ನಂತರ ಶೇ 50, ಶೇ 25ರಷ್ಟು ಸಿಗುತ್ತಿತ್ತು. ನೌಕರರ ರಾಜ್ಯ ವಿಮೆಯ (ಇಎಸ್‌ಐ) ಅಡಿಯಲ್ಲೂ ನಿರುದ್ಯೋಗ ಭತ್ಯೆಯಿದೆ. ಆದರೆ ಸುಗ್ಗಿಯ ನಂತರದ ಕೆಲವು ತಿಂಗಳಷ್ಟೇ ಭರದಿಂದ ನಡೆಯುವ ಮಿಲ್ಲಿನಲ್ಲಿ ಪರಿಹಾರಕ್ಕೆ ಬೇಕಾದ ವರ್ಷದ 240 ದಿನದ ಕೆಲಸ ತುಂಬುವುದು ಕಷ್ಟ, ಹತ್ತು ಜನರಿಗಿಂತ ಕಡಿಮೆ ಹೆಸರು ತೋರಿಸಿದರೆ ಇಎಸ್‌ಐ ಮಾತೇ ಇಲ್ಲ, ಇನ್ನು ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡು ಕೆಲಸ ಹೋದದ್ದಕ್ಕೆ ಹಣ ಕೊಡುವುದಿಲ್ಲ. ಹೀಗಾಗಿ ಆಮದಿನಿಂದಲೇ ಕೆಲಸ ಹೋಯಿತೇ ಎಂದು ಸಾಬೀತು ಮಾಡುವ ಪ್ರಶ್ನೆ ನಮ್ಮಲ್ಲಿ ಏಳುವುದೇ ಇಲ್ಲ. ಕೆಲಸ ಇತ್ತು ಎಂಬುದನ್ನೇ ತೋರಿಸಲಾಗದೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಮಿಲ್ಲಿನ ಪರವಾನಗಿ ನವೀಕರಿಸುವಾಗ ಮುಕಾದಮನ ಕೈಕೆಳಗಿನವರೂ ಸೇರಿದಂತೆ ಎಲ್ಲ ಕೂಲಿಗಾರರ ಪಟ್ಟಿ ಕೊಡುವುದನ್ನು ಕಡ್ಡಾಯ ಮಾಡಬೇಕು, ಕಾಳು ಅಂಗಳದಲ್ಲಿ ಹರವುವ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಮೊದಲು ಬರಬೇಕು ಎಂಬುದು ನನ್ನ ಬೇಡಿಕೆ. ಹಣದ ಮೂಲವನ್ನು ಆಮೇಲೆ ಯೋಚಿಸಬಹುದು. ಆಮದು ಸುಂಕದಲ್ಲಿ ಒಂದು ಪಾಲು ಎಂದು ಹೇಳುವುದು ಸುಲಭ, ಆದರೆ ಸುಂಕವನ್ನೇ ಸೊನ್ನೆ ಮಾಡಿದ ವರ್ಷ ಆ ಪಾಲೂ ಸೊನ್ನೆಯೇ. ಹಾಗಾಗಿ ಸುಂಕ ಬಿಟ್ಟುಕೊಡುವ ಆದೇಶದ ಜೊತೆಗೇ ಬಜೆಟ್‌ನಿಂದ ಒಂದು ಮೊತ್ತವನ್ನು ತೆಗೆದಿಡಬೇಕಾಗುತ್ತದೆ.

ಕಚೇರಿಯಿಂದ ಮರಳುವಾಗ ಕಾಕಾ ನೋಟ್‌ಬುಕ್ಕನ್ನು ಅಂಗಿಯ ಕಿಸೆಗೆ ಸೇರಿಸುತ್ತ ಹೇಳಿದರು: “ಗಂಜ್ ಮಾರ್ಕೆಟ್ಟಿನಾಗ ಹಮಾಲಿ ಮಾಡಿದ್ದರ ಗುರುತಿನ ಬಿಲ್ಲೆ ಆದ್ರೂ ಇರ್ತಿತ್ತು.”