ಗೇಟಿನ ಹೊರಗೆ ನಿಂತವರು ಯಾವ ಯೂನಿಯನ್‌ಗೆ?

ಯೂನಿಯನ್ ಕಾಲ ಮುಗೀತು, ಈಗ ಕಂಪೆನಿ ಇರುವುದು ಒಂದು ದೇಶದಲ್ಲಿ, ದುಡ್ಡು ಇನ್ನೊಂದು ದೇಶದ್ದು, ಕೆಲಸ ನಡಿಯುವುದು ಮತ್ತೊಂದು ಕಡೆ, ನೀವು ಮಂಗಳೂರಲ್ಲಿ ಬಾವುಟ ಹಿಡ್ಕೊಂಡು ಕೂಗಿದ್ರೆ ಅದು ಯಾರಿಗೆ ಕೇಳ್ತದೆ ಮಾರಾಯ್ರೆ ಅಂತ ನನ್ನ ಜೊತೆ ಬ್ಯಾಂಕಲ್ಲಿ ಕೆಲಸ ಮಾಡುವ ಹುಡುಗರೇ ಕೇಳ್ತಾರೆ. ಕೆಣಕ್ಲಿಕ್ಕೆ ಕೇಳುವುದಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ಸಿದೆ. ಉತ್ತರ ಕೊಡ್ಲೇಬೇಕು ಅಂತ ಬರೀತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿ ಓದಿ.

ಜಾಗತೀಕರಣ ಅಂದ ಕೂಡ್ಲೆ ಎಲ್ಲರೂ 1991 ಅಂತಾರೆ. ನಮ್ಮ ಕರಾವಳಿಗೆ ಅದು ಅಷ್ಟು ಹೊಸತೇನಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಫ್ಯಾಕ್ಟರಿ ಶುರು ಮಾಡಿದ ಮೇಲೆ ಇಲ್ಲಿಯ ಮಣ್ಣು ಹೆಂಚಾಗಿ ಹಡಗು ಹತ್ತಿ ಆಫ್ರಿಕದವರೆಗೆ ಹೋಗಿದೆ. ಅದೇ ಆಫ್ರಿಕದಿಂದ ಹಸಿ ಗೇರುಬೀಜ ಇಲ್ಲಿಗೆ ಬಂದು, ನಮ್ಮ ಹೆಂಗಸರು ಒಡೆದು ಸಿಪ್ಪೆ ತೆಗ್ದು, ಒಳಗಿನ ತಿರುಳು ಹೊರದೇಶಕ್ಕೆ ಹೋಗಿದೆ, ಈಗಲೂ ಹೋಗ್ತಾ ಉಂಟು. ಹಾಗಾಗಿ ಹೊರದೇಶದ ವ್ಯಾಪಾರವೇ ಬೇಡ ಅಂತ ನಾನು ಹೇಳುವುದಿಲ್ಲ, ಅದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ. ಆದ್ರೆ ಆಗ ಮಾಲಕ ಯಾರು ಅಂತ ಗೊತ್ತಿತ್ತು, ಅವರ ಮನೆ ಎಲ್ಲಿ ಅಂತಲೂ ಗೊತ್ತಿತ್ತು. ಈಗ ಸಂಬಳ ಕೊಡುವವ ಕಂಟ್ರಾಕ್ಟರ್, ಅವನಿಗೆ ಕೆಲಸ ಕೊಟ್ಟದ್ದು ಕಂಪೆನಿ, ಕಂಪೆನಿಗೆ ರೇಟು ಹೇಳುವುದು ಎಲ್ಲೋ ಇರುವ ಖರೀದಿದಾರ. ಯಾರನ್ನು ಕೇಳಿದ್ರೂ ಬೆರಳು ತೋರಿಸುವುದು ಮೇಲಿನವರ ಕಡೆಗೆ. ಕೆಲಸ ಗೇಟು ದಾಟಿ ಹೋಗಿ ಎಷ್ಟೋ ಕಾಲ ಆಯ್ತು, ಯೂನಿಯನ್ ಮಾತ್ರ ಇನ್ನೂ ಗೇಟಿನ ಒಳಗೇ ಉಂಟು. ನನ್ನ ತಕರಾರು ಇದೊಂದೇ.

ಗೇಟೇ ಇಲ್ಲದ ಕಡೆ ಯೂನಿಯನ್ ಕಟ್ಟುವುದು ಹೇಗೆ ಅಂತ ಕೇಳ್ತೀರಿ. ನಮ್ಮ ಜಿಲ್ಲೆಯವರಿಗೆ ಈ ಪ್ರಶ್ನೆ ಬರ್ಲೇಬಾರದು. ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಜಗಲಿಯಲ್ಲಿ ಕೂತು ಕಟ್ಟುವುದು, ವಾಪಸ್ ಕೊಂಡೋಗಿ ಲೆಕ್ಕ ಕೊಡುವುದು, ಅಲ್ಲಿ ಸರಿಯಿಲ್ಲ ಅಂತ ಒಂದಷ್ಟು ಬೀಡಿ ತೆಗೆದು ಆಚೆ ಹಾಕುವುದು, ಅದಕ್ಕೆ ಕೂಲಿ ಇಲ್ಲ. ಫ್ಯಾಕ್ಟರಿ ಇಲ್ಲ, ಸೈರನ್ ಇಲ್ಲ, ಹಾಜರಿ ಪುಸ್ತಕ ಇಲ್ಲ. ಇವರು ನಮ್ಮ ಕೆಲಸದವರೇ ಅಲ್ಲ, ಅವರವರ ಮನೆಯಲ್ಲಿ ಅವರಿಗೆ ಬೇಕಾದಾಗ ಕಟ್ಟುವವರು ಅಂತ ಮಾಲಕರ ವಾದ. ಅಂಥಾ ಕಡೆ ಯೂನಿಯನ್‌ನವರು ಮನೆ ಮನೆಗೆ ನಡೆದು, ಬ್ರಾಂಚಿನ ಎದುರು ಹೆಂಗಸರನ್ನು ಸೇರಿಸಿ ಸಂಘಟನೆ ಕಟ್ಟಿದ್ರು. 1966ರಲ್ಲಿ ಬೀಡಿ ಕಾರ್ಮಿಕರಿಗೇ ಅಂತ ಕಾಯ್ದೆ ಬಂತು, ಮನೆಯಲ್ಲಿ ಕಟ್ಟುವವರೂ ಅದರ ಒಳಗೆ ಬಂದ್ರು. ಅದನ್ನು ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮಂಗಳೂರಿನ ಬೀಡಿ ಉದ್ಯಮವೇ ಮುಂದೆ ಇತ್ತು, 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಡುವೆ ಕಂಟ್ರಾಕ್ಟರ್ ಇದ್ದಾನೆ ಅಂತ ಮೂಲ ಮಾಲಕ ಕೈ ತೊಳ್ಕೊಳ್ಳುವ ಹಾಗಿಲ್ಲ ಅಂತ ಆಯ್ತು. ಸಾವಿರ ಬೀಡಿಗೆ ಇಷ್ಟು ಅಂತ ಕನಿಷ್ಠ ಕೂಲಿ, ಮೇಲೆ ತುಟ್ಟಿಭತ್ಯೆ, ಪಿಎಫ್, ಗುರುತಿನ ಚೀಟಿ, ಇದೆಲ್ಲ ಜಗಲಿಯಲ್ಲಿ ಕೂತ ಹೆಂಗಸರಿಗೆ ಸಿಕ್ಕಿದೆ.

ಈಗ ಬಲ್ಮಠದ ಹೋಟೆಲ್ ಎದುರು ಬೈಕ್ ನಿಲ್ಸಿ ಮೊಬೈಲ್ ನೋಡ್ತಾ ಕಾಯುವ ಡೆಲಿವರಿ ಹುಡುಗರನ್ನು ನೋಡಿ. ಕಂಪೆನಿ ಹೇಳುವುದು ಎಂತ? ಇವರು ನಮ್ಮ ನೌಕರರಲ್ಲ, ಪಾರ್ಟ್‌ನರ್‌ಗಳು, ಬೇಕಾದಾಗ ಲಾಗಿನ್ ಆಗ್ತಾರೆ. ಅಮ್ಮನಿಗೆ ಹೇಳಿದ್ದೂ ಅದೇ ಅಲ್ವಾ! ಕರ್ನಾಟಕದಲ್ಲಿ 2025ರಲ್ಲಿ ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ, ಪ್ರತಿ ಆರ್ಡರಿಗೆ ಕಾರ್ಮಿಕನಿಗೆ ಕೊಡುವ ಹಣದ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪೆನಿ ಕಟ್ಬೇಕು, ಐಡಿ ಬಂದ್ ಮಾಡುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡ್ಬೇಕು. ಒಳ್ಳೆಯ ಕಾಯ್ದೆ, ಆದ್ರೆ ಕಾಯ್ದೆ ತನ್ನಷ್ಟಕ್ಕೆ ನಡಿಯುವುದಿಲ್ಲ. ನಾನು ಹೈಸ್ಕೂಲಲ್ಲಿ ಇರುವಾಗ ಬೀಡಿ ಕಾರ್ಮಿಕರ ಮಕ್ಕಳಿಗೆ ಅಂತ ಸ್ಕಾಲರ್‌ಶಿಪ್ ಬರ್ತಿತ್ತು, ಅದರ ಮೂಲ ಬೀಡಿ ಮೇಲಿನ ಸೆಸ್, ಅಂದ್ರೆ ಕಾರ್ಮಿಕರ ಕಲ್ಯಾಣಕ್ಕೇ ಅಂತ ಹಾಕುವ ತೆರಿಗೆ. 2017ರಲ್ಲಿ ಜಿಎಸ್‌ಟಿ ಬರುವಾಗ ಆ ಸೆಸ್ಸನ್ನೇ ತೆಗೆದ್ರು. ದೊಡ್ಡ ಗಲಾಟೆ ಆಗ್ಬೇಕಿತ್ತು, ಆಗ್ಲಿಲ್ಲ. ಗಿಗ್ ಕಾರ್ಮಿಕರ ಫಂಡಿಗೂ ನಾಳೆ ಹೀಗೇ ಆಗ್ಬಾರದು ಅಂದ್ರೆ ಬೀಡಿ ಯೂನಿಯನ್ ಕಟ್ಟಿದ ಹಿರಿಯರು ಇರುವಾಗಲೇ ಈ ಹುಡುಗರನ್ನು ಅವರ ಹತ್ರ ಕೂರಿಸ್ಬೇಕು.

ಇದು ದೇಶದ ಒಳಗಿನ ಮಾತಾಯ್ತು. ಗಡಿ ದಾಟಿದ ಕಂಪೆನಿಗೆ ಎಂತ ಮಾಡುವುದು?

2025ರ ಜೂನ್‌ನಲ್ಲಿ ಕೇರಳದ ಕಡಲಲ್ಲಿ ವಾನ್ ಹೈ 503 ಅನ್ನುವ ಹಡಗಿಗೆ ಬೆಂಕಿ ಬಿತ್ತಲ್ಲ, 22 ಜನರಲ್ಲಿ ಬದುಕಿದ 18 ಜನರನ್ನು ಕರ್ಕೊಂಡು ಬಂದದ್ದು ಮಂಗಳೂರಿನ ನಮ್ಮ ಪಣಂಬೂರು ಬಂದರಿಗೆ. ಹಡಗಿನ ಬಾವುಟ ಸಿಂಗಾಪುರದ್ದು, ಕೆಲಸದವರು ಚೀನಾ, ತೈವಾನ್, ಮ್ಯಾನ್ಮಾರ್, ಇಂಡೋನೇಷ್ಯಾದವರು, ಹೊರಟದ್ದು ಕೊಲಂಬೊದಿಂದ ಮುಂಬೈ ಕಡೆಗೆ. ಇದಕ್ಕಿಂತ ಜಾಗತಿಕ ಕೆಲಸ ಬೇರೆ ಉಂಟಾ? ಆದ್ರೂ ಇಡೀ ಲೋಕಕ್ಕೆ ಒಂದೇ ಕನಿಷ್ಠ ಮೂಲ ವೇತನ ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಮಟ್ಟದಲ್ಲಿ ಮಾತುಕತೆ ಆಗಿ ನಿಗದಿಯಾಗುವುದು ಹಡಗಿನ ಕೆಲಸಕ್ಕೆ ಮಾತ್ರ, 2026ರ ಜನವರಿಯಿಂದ ನುರಿತ ನಾವಿಕನಿಗೆ ತಿಂಗಳಿಗೆ 690 ಡಾಲರ್. ಇದು ಯಾರೂ ದಾನ ಕೊಟ್ಟದ್ದಲ್ಲ. 1896ರಲ್ಲಿ ಶುರುವಾದ ಐಟಿಎಫ್ ಅನ್ನುವ ಸಾರಿಗೆ ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟ, ಮಾಲಕ ಒಂದು ದೇಶದವನಾಗಿ ಸುಲಭದ ಕಾನೂನಿರುವ ಇನ್ನೊಂದು ದೇಶದ ಬಾವುಟ ಹಾಕಿಕೊಂಡು ಓಡುವ ಹಡಗುಗಳ ವಿರುದ್ಧ 1948ರಿಂದ ಹೋರಾಟ ಮಾಡ್ತಾ ಬಂದಿದೆ. ಹಡಗು ಎಲ್ಲಿಗೆ ಬೇಕಾದ್ರೂ ಹೋಗ್ಲಿ, ಒಂದಲ್ಲ ಒಂದು ಬಂದರಿಗೆ ಬರ್ಲೇಬೇಕು, ಅಲ್ಲಿ ಸಾಮಾನು ಇಳಿಸುವವ ಇನ್ನೊಬ್ಬ ಕಾರ್ಮಿಕ. ಅವನು ಈ ಹಡಗಿನವರ ಸಂಬಳ ಬಾಕಿ ಉಂಟು, ಕೊಡುವವರೆಗೆ ನಾನು ಮುಟ್ಟುವುದಿಲ್ಲ ಅಂದ್ರೆ ಮುಗೀತು. ಬಂಡವಾಳ ಎಷ್ಟೇ ದೂರ ಓಡಿದ್ರೂ ಒಂದು ಕಡೆ ದಡ ಮುಟ್ಲೇಬೇಕು, ಆ ಜಾಗ ಎಲ್ಲಿ ಅಂತ ಹುಡುಕುವುದು ಯೂನಿಯನ್ ಕೆಲಸ.

ಗೇರುಬೀಜದಲ್ಲೂ ಹೀಗೇ ಯೋಚನೆ ಮಾಡ್ಬೇಕು. ವಿಯೆಟ್ನಾಂನವರು ಮೆಷಿನ್ ಹಾಕಿ ನಮ್ಮನ್ನು ಹಿಂದೆ ಹಾಕಿದ್ರು, ಹಾಗಾಗಿ ಕೂಲಿ ಜಾಸ್ತಿ ಕೇಳ್ಬೇಡಿ ಅಂತ ಇಲ್ಲಿ ಹೇಳ್ತಾರೆ, ಅಲ್ಲಿಯವರಿಗೆ ಭಾರತದ ಹೆಸರು ಹೇಳ್ತಾರೋ ಏನೋ. ಈ ಎರಡೂ ಕಡೆಯ ಹೆಂಗಸರು ಕಟ್ಟಿದ ಪ್ಯಾಕೆಟ್ ಯುರೋಪಿನ ಅದೇ ಅಂಗಡಿಯ ಕಪಾಟಿನಲ್ಲಿ ಇರಬಹುದು. ಜರ್ಮನಿಯಲ್ಲಿ 2023ರ ಜನವರಿಯಿಂದ ಒಂದು ಕಾಯ್ದೆ ಉಂಟು, ಅಲ್ಲಿಯ ದೊಡ್ಡ ಕಂಪೆನಿಗಳು ತಮಗೆ ಮಾಲು ಬರುವ ಕಡೆ ಕಾರ್ಮಿಕರ ಹಕ್ಕು ಹೇಗೆ ಉಂಟು ಅಂತ ನೋಡ್ಬೇಕು, ದೂರು ಕೊಡ್ಲಿಕ್ಕೆ ದಾರಿ ಇಡ್ಬೇಕು. ಅದನ್ನು ಸಡಿಲ ಮಾಡ್ಲಿಕ್ಕೆ ಅಲ್ಲಿಯೂ ಒತ್ತಡ ಉಂಟು, ಗೊತ್ತು. ಆದ್ರೂ ಮಂಗಳೂರಿನಿಂದ, ಮಲ್ಪೆಯಿಂದ ಹೋಗುವ ಮಾಲು ಯಾರ ಕೈ ಸೇರ್ತದೆ ಅಂತ ಒಂದು ಪಟ್ಟಿಯಾದ್ರೂ ನಮ್ಮ ಯೂನಿಯನ್ ಆಫೀಸುಗಳಲ್ಲಿ ಇರ್ಬೇಕಲ್ಲ. ನಾನು ಕೇಳಿದ ಕಡೆ ಇಲ್ಲ.

ಇನ್ನು ಹೇಳ್ಲಿಕ್ಕೆ ಬೇಜಾರಾಗುವ ವಿಷಯ. 2022ರ ಏಪ್ರಿಲ್‌ನಲ್ಲಿ ಇಲ್ಲಿಯ ವಿಶೇಷ ಆರ್ಥಿಕ ವಲಯದ (ಎಸ್‌ಇಝಡ್) ಒಳಗೆ ಮೀನಿನ ಫ್ಯಾಕ್ಟರಿಯ ಟ್ಯಾಂಕಿಗೆ ಬಿದ್ದ ಒಬ್ಬನನ್ನು ಉಳಿಸ್ಲಿಕ್ಕೆ ಇಳಿದವರೂ ಸೇರಿ ಪಶ್ಚಿಮ ಬಂಗಾಳದ ಐದು ಜನ ಸತ್ತರು. ಎಳೆ ಪ್ರಾಯದವರು. ಅಂಥವರ ಭಾಷೆಯಲ್ಲಿ ನಮ್ಮ ಎಷ್ಟು ಯೂನಿಯನ್ ಒಂದು ನೋಟಿಸ್ ಹಾಕಿದೆ? ಬಂಗಾಳಿ, ಒಡಿಯಾ, ಹಿಂದಿ ಮಾತಾಡುವ ಒಬ್ಬರನ್ನಾದ್ರೂ ಕಮಿಟಿಗೆ ತಗೊಂಡಿದೆಯಾ? ಹೊರಗಿನವರು ಬಂದು ನಮ್ಮ ಕೆಲಸ ತಗೊಂಡ್ರು ಅಂತ ಮಾತಾಡುವವರ ಮನೆಯಲ್ಲೇ ಒಬ್ಬ ಮಗ ದುಬೈಯಲ್ಲಿ ಇರ್ತಾನೆ, ಅಲ್ಲಿ ಯೂನಿಯನ್ ಕಟ್ಲಿಕ್ಕೇ ಬಿಡುವುದಿಲ್ಲ, ಸಂಬಳ ನಿಂತ್ರೆ ಇಲ್ಲಿ ಅಪ್ಪ ಅಮ್ಮ ಶಾಸಕರ ಮನೆಗೆ ಓಡ್ಬೇಕು. ಆ ಕಷ್ಟ ಗೊತ್ತಿರುವ ಊರು ನಮ್ಮದು, ದಕ್ಕೆಯಲ್ಲಿ ಮೀನು ಇಳಿಸುವ ಒಡಿಶಾದ ಹುಡುಗನನ್ನು ನಾವಾದ್ರೂ ಸರಿಯಾಗಿ ನೋಡ್ಬೇಕು.

ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ, 29 ಹಳೆ ಕಾಯ್ದೆಗಳು ಅದರಲ್ಲಿ ಸೇರಿ ಹೋದವು, ಬೀಡಿ ಕಾಯ್ದೆಯೂ ಹೋಯ್ತು. ಒಂದಕ್ಕಿಂತ ಜಾಸ್ತಿ ಯೂನಿಯನ್ ಇರುವ ಕಡೆ ಹಾಜರಿ ಪಟ್ಟಿಯಲ್ಲಿ ಇರುವವರ ಶೇಕಡ 51 ಬೆಂಬಲ ಇದ್ದವರೇ ಮಾತುಕತೆ ನಡೆಸುವ ಯೂನಿಯನ್. ಕಂಟ್ರಾಕ್ಟ್‌ನವರು ಇರುವುದು ಕಂಟ್ರಾಕ್ಟರನ ಪಟ್ಟಿಯಲ್ಲಿ, ಹಾಗಾಗಿ ಅವರು ಲೆಕ್ಕಕ್ಕೇ ಇಲ್ಲ. ಖಾಯಂ ನೌಕರರು ವರ್ಷ ವರ್ಷ ಕಮ್ಮಿ ಆಗ್ತಾ ಇರುವಾಗ ಆ 51ಕ್ಕಾಗಿ ಕೆಂಪು, ಕೇಸರಿ, ತ್ರಿವರ್ಣದವರು ಕಿತ್ತಾಡಿದ್ರೆ ಗೆದ್ದವರಿಗೂ ಎಂತ ಉಳಿತದೆ? 2025ರ ಜುಲೈ 9ರ ಮುಷ್ಕರಕ್ಕೆ ಹತ್ತು ಕೇಂದ್ರ ಸಂಘಟನೆಗಳು ಒಟ್ಟಾದವು, ಭಾರತೀಯ ಮಜ್ದೂರ್ ಸಂಘ (ಬಿಎಂಎಸ್) ಹೊರಗೆ ಉಳೀತು. ಅವರವರ ರಾಜಕೀಯ ಅವರವರಿಗೆ ಇರ್ಲಿ, ಕಂಟ್ರಾಕ್ಟ್ ಕಾರ್ಮಿಕನ ಪಿಎಫ್ ಕಟ್ಟಿದ್ದಾರಾ ಅಂತ ಕೇಳ್ಲಿಕ್ಕೆ ಯಾವ ಬಣ್ಣ ಬೇಕು?

ನನ್ನದೇ ಬ್ಯಾಂಕಲ್ಲಿ ಬೆಳಿಗ್ಗೆ ಬಂದು ಗುಡಿಸಿ ಒರೆಸುವ ಅಕ್ಕ, ಎಟಿಎಂ ಕಾಯುವ ಅಣ್ಣ, ಸಾಲ ವಸೂಲಿಗೆ ಹೋಗುವ ಹುಡುಗ ಎಲ್ಲರೂ ಏಜೆನ್ಸಿಯವರು. ಅವರನ್ನು ಸದಸ್ಯರು ಮಾಡ್ಬೇಕು ಅಂತ ನಾನು ನಮ್ಮ ಮೀಟಿಂಗಲ್ಲಿ ಹೇಳ್ತಾ ಇದ್ದೇನೆ, ಹೇಳ್ತಾನೇ ಇರ್ತೇನೆ.

ಬಂದರಿನ ಗೆಳೆಯರಿಗೆ ಒಂದು ಮಾತು. 2024ರ ಆಗಸ್ಟ್‌ನಲ್ಲಿ ದೇಶದ ದೊಡ್ಡ ಬಂದರುಗಳ ಕಾರ್ಮಿಕರೆಲ್ಲ ಒಟ್ಟಾಗಿ ಮುಷ್ಕರಕ್ಕೆ ನಿಂತ ಕಾರಣ ಮುಷ್ಕರದ ಹಿಂದಿನ ದಿನವೇ ಶೇಕಡ 8.5 ಏರಿಕೆಯ ಒಪ್ಪಂದ ಆಯ್ತು, ಎಲ್ಲ ಒಕ್ಕೂಟಗಳೂ ಒಂದೇ ಮೇಜಿನಲ್ಲಿ ಕೂತಿದ್ರು. ಆ ಒಪ್ಪಂದದ ಅವಧಿ 2026ರ ಡಿಸೆಂಬರ್ 31ರವರೆಗೆ. ಮುಂದಿನ ಬೇಡಿಕೆ ಪಟ್ಟಿ ಬರೀಲಿಕ್ಕೆ ಕೂತಾಗ ಪಣಂಬೂರಿನ ಖಾಸಗಿ ಟರ್ಮಿನಲ್‌ನಲ್ಲಿ, ಲಾರಿ ಯಾರ್ಡಿನಲ್ಲಿ ಕಂಟ್ರಾಕ್ಟ್ ಮೇಲೆ ದುಡಿಯುವವರ ಕೂಲಿಯನ್ನು ಮೊದಲ ಬೇಡಿಕೆಯಾಗಿ ಬರೀರಿ, ಪಟ್ಟಿ ಬರೆಯುವ ಮೀಟಿಂಗಿಗೆ ಅವರನ್ನೂ ಕರೀರಿ.